ರಜೆಯ ಜಾಗ

ವರ್ಷದ ಎರಡನೇ ಅವಧಿಯಲ್ಲಿ ಆ ಶಾಲೆಯ ಕಾರಿಡಾರಿನಲ್ಲಿ ಯಾರೂ ನಡೆಯುವುದಿಲ್ಲ, ಎಲ್ಲರೂ ಓಡುತ್ತಾರೆ. ಕಿರುಪರೀಕ್ಷೆಯ ಪೇಪರು ತಿದ್ದಿ ಮುಗಿಯುವ ಮೊದಲೇ ವಿಜ್ಞಾನ ಪ್ರದರ್ಶನ, ಅದರ ಬೆನ್ನಿಗೇ ಕ್ರೀಡಾಕೂಟ, ಆ ಬೆವರು ಆರುವುದರೊಳಗೆ ವಾರ್ಷಿಕೋತ್ಸವದ ತಾಲೀಮು. ಮಕ್ಕಳಿಗಿಂತ ಮನೆಯವರಿಗೇ ಹೆಚ್ಚು ಹೋಂವರ್ಕ್. ಏಳನೇ ತರಗತಿಯ ಹುಡುಗನೊಬ್ಬನ ಅಪ್ಪ ಅಗ್ನಿಪರ್ವತದ ಮಾದರಿ ಮಾಡಲು ಹೋಗಿ ಅಡುಗೆಮನೆಯ ಗೋಡೆಗೆಲ್ಲ ಕೆಂಪು ಬಣ್ಣ ಸಿಡಿಸಿದ್ದ. ನಿಜವಾದ ಲಾವಾ ಆಮೇಲೆ ಹೆಂಡತಿಯ ಬಾಯಿಂದ ಹೊರಟಿತೆಂದು ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿಯಾಗಿತ್ತು.

ಗಣಿತದ ಮಿಸ್ಸಿಗೆ ಈ ಗದ್ದಲ ಬೇಕಾಗಿತ್ತು. ಮೂರು ವರ್ಷದ ಹಿಂದೆ ಇದೇ ಅವಧಿಯಲ್ಲಿ ಜ್ವರ ಬಂದು ಮಲಗಿದ ಆಕೆಯ ಮಗ ಮತ್ತೆ ಏಳಲಿಲ್ಲ. ಒಬ್ಬನೇ ಮಗ. ಇದೇ ಶಾಲೆಯ ನಾಲ್ಕನೇ ತರಗತಿಯಲ್ಲಿದ್ದ. ತಿಂಗಳಾದ ಮೇಲೆ ಆಕೆ ಕೆಲಸಕ್ಕೆ ಮರಳಿ, ಎಂಟನೇ ತರಗತಿಯ ಬೀಜಗಣಿತವನ್ನು ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ಸ್ಟಾಫ್ ರೂಮಿನಲ್ಲಿ ಯಾರೂ ಏನೂ ಕೇಳಲಿಲ್ಲ, ಆಕೆಯೂ ಏನೂ ಹೇಳಲಿಲ್ಲ. ಗಟ್ಟಿ ಹೆಂಗಸು ಎಂದರು. ಆ ಗಟ್ಟಿತನಕ್ಕೆ ಒಂದು ಉಪಾಯವಿತ್ತು: ಮಗನ ಜೊತೆಗೆ ಓದುತ್ತಿದ್ದ ಮಕ್ಕಳು ಯಾವ ಕೋಣೆಯಲ್ಲಿರುತ್ತಾರೋ ಆ ಕೋಣೆಯ ಮುಂದೆ ಹಾಯದಿರುವುದು. ಅವರು ಐದಕ್ಕೆ ಹೋದ ವರ್ಷ ಆಕೆ ಹಿಂದಿನ ಮೆಟ್ಟಿಲು ಹತ್ತಿದಳು. ಆರಕ್ಕೆ ಹೋದ ವರ್ಷ ಮುಂದಿನ ಮೆಟ್ಟಿಲು. ಈ ವರ್ಷ ಅವರು ಏಳಕ್ಕೆ ಬಂದಾಗ ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಮಿಸ್, ತಾವಾಗಿಯೇ ಆಕೆಗೆ ಎಂಟನೇ ತರಗತಿಯನ್ನು ಮಾತ್ರ ಕೊಟ್ಟಿದ್ದರು. ಆದರೆ ಏಳನೆಯದಕ್ಕೆ ಗಣಿತ ಹೇಳುತ್ತಿದ್ದವಳು ಹೆರಿಗೆಗೆ ತವರಿಗೆ ಹೋದಳು.

"ನೋಡಮ್ಮಾ, ಬೇರೆಯವರನ್ನ ಹೊಂದಿಸೋಣ ಅಂದ್ರೆ ಯಾರಿದಾರೆ? ವಿಜ್ಞಾನದವರ ತಲೆಮೇಲೆ ಪ್ರದರ್ಶನ ಕೂತಿದೆ. ನಿನಗೆ ಆಗಲ್ಲ ಅನ್ಸಿದ್ರೆ ಹೇಳ್ಬಿಡು, ನಾನೇ ಹೋಗಿ ಲೆಕ್ಕ ಹೇಳ್ಕೊಡ್ತೀನಿ," ಎಂದರು ದೊಡ್ಡ ಮಿಸ್.

"ನೀವು ಹೋದ್ರೆ ಆ ಮಕ್ಕಳ ಗತಿ ಏನು ಮೇಡಂ?" ಎಂದಳು ಆಕೆ. ಇಬ್ಬರೂ ನಕ್ಕರು. ಆಕೆ ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಹೊರಟಳು.

ಮೊದಲ ದಿನ ಆಕೆ ಮಕ್ಕಳ ತಲೆಗಳ ಮೇಲಿನ ಗೋಡೆಯನ್ನು ನೋಡುತ್ತ ಪಾಠ ಮಾಡಿದಳು. ಆದರೂ ಕಂಡದ್ದು ಕಂಡಿತು. ಹುಡುಗಿಯರು ಉದ್ದವಾಗಿದ್ದರು. ಹುಡುಗರಲ್ಲಿ ಕೆಲವರ ಮೂಗಿನ ಕೆಳಗೆ ಮಸಿ ಬಳಿದಂತೆ ಮೀಸೆಯ ಸುಳಿವು. ಮಗನ ಜೀವದ ಗೆಳೆಯನಾಗಿದ್ದವನು ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬನೇ ಕುಳಿತಿದ್ದ. ಆಕೆಯ ಮನೆಯ ಸೋಫಾದ ಮೇಲೆ ಕುಣಿದು ಸ್ಪ್ರಿಂಗು ಮುರಿದಿದ್ದ ಹುಡುಗ ಈಗ ಕಾಲೇ ಮುಕ್ಕಾಲು ಪಾಲಾಗಿ, ಕೊಕ್ಕರೆ ಎಂದು ಕರೆಸಿಕೊಳ್ಳುತ್ತಿದ್ದ. ಅವನು ಆಕೆಯ ಕಣ್ಣು ತಪ್ಪಿಸಿದ. ಒಂದು ಬೆಂಚಿಗೆ ಇಬ್ಬರಂತೆ ಕೂತರೆ ಒಬ್ಬ ಮಿಗುವ ತರಗತಿ ಅದು. ಆ ಒಬ್ಬ ಕೊಕ್ಕರೆಯಾಗಿದ್ದುದರಲ್ಲಿ ವಿಶೇಷವೇನೂ ಕಾಣಲಿಲ್ಲ.

ವಾರದೊಳಗೆ ಒಂದು ತಮಾಷೆ ನಡೆಯಿತು. ವೃತ್ತ ಎಳೆಯುವ ಪಾಠ. ಒಬ್ಬ ಹುಡುಗ ಕೈಕಟ್ಟಿ ಕುಳಿತಿದ್ದ.

"ಎಲ್ಲೋ ನಿನ್ನ ಕೈವಾರ?"

"ರಜೆ ತಗೊಂಡ, ಮಿಸ್."

ಕೋಣೆಯಲ್ಲಿ ಕಿಸಕ್ಕೆಂದು ನಗು. ಆಕೆಗೂ ನಗು ಬಂತು. "ಕೈವಾರ ರಜೆ ತಗೊಳ್ತು ಅನ್ನೋ. ವಸ್ತುವಿಗೆ ಯಾರಾದ್ರೂ 'ತಗೊಂಡ' ಅಂತಾರಾ? ಏಳನೇ ಕ್ಲಾಸಿಗೆ ಬಂದು ಲಿಂಗ ತಿಳಿಯಲ್ವಲ್ಲ ನಿನಗೆ!"

ನಗು ತಟ್ಟನೆ ನಿಂತಿತು. ಹುಡುಗ ತಲೆ ತಗ್ಗಿಸಿದ. ಆಕೆ ಸ್ಟಾಫ್ ರೂಮಿಗೆ ಹೋಗಿ ಕನ್ನಡದ ಮಾಸ್ತರರನ್ನು ಕೆಣಕಿದಳು. "ಏನ್ ಸರ್, ಕೈವಾರಾನೂ ಗಂಡು ಮಾಡ್ಬಿಟ್ಟಿದೀರಿ." ಅವರು ಟೀ ಹೀರುತ್ತ, "ಆ ಕ್ಲಾಸಲ್ಲಿ ಎಲ್ಲಾ ವಸ್ತುನೂ ಹಂಗೇ ಕಣಮ್ಮಾ. ರಬ್ಬರು, ಸ್ಕೇಲು, ಏನು ಕಳೆದ್ರೂ ರಜೆ ತಗೊಂಡ. ತಿದ್ದಿ ತಿದ್ದಿ ನಾನೇ ರಜೆ ಹಾಕೋ ಹಂಗಾಗಿದೆ," ಎಂದರು.

ಅದೇ ವಾರ ಹೊಸ ಹುಡುಗಿ ಬಂದಳು. ನದಿಗೆ ಕಟ್ಟುತ್ತಿದ್ದ ಸೇತುವೆಯ ಮೇಸ್ತ್ರಿಯ ಮಗಳು. ಅಪ್ಪನ ಕೆಲಸ ಹೋದಲ್ಲೆಲ್ಲ ಶಾಲೆ ಬದಲಿಸಿದವಳು. ಅವಧಿಯ ನಡುವೆ ಬಂದವರಿಗೆ ಖಾಲಿ ಇದ್ದದ್ದು ಒಂದೇ ಜಾಗ. "ಕೊಕ್ಕರೆ ಪಕ್ಕ ಕೂತ್ಕೋ ಮಗು," ಎಂದಳು ಗಣಿತದ ಮಿಸ್. ಇಡೀ ತರಗತಿ ಉಸಿರು ಹಿಡಿದುಕೊಂಡ ಹಾಗಾಯಿತು. ಹುಡುಗಿ ಕುಳಿತಳು.

ಮಾರನೆಯ ದಿನ ನೋಡಿದರೆ ಅವಳು ಬೆಂಚಿನ ತುದಿಯಲ್ಲಿ, ಅರ್ಧ ಗಾಳಿಯಲ್ಲಿ ಕುಳಿತಿದ್ದಳು. ಕೊಕ್ಕರೆ ಕಿಟಕಿಯ ಗೋಡೆಗೆ ಅಂಟಿಕೊಂಡಿದ್ದ. ನಡುವೆ ಒಬ್ಬ ಹುಡುಗ ಕೂರುವಷ್ಟು ಹಲಗೆ ಖಾಲಿ.

"ಬಿದ್ದೀಯ. ಒಳಗೆ ಸರಿದು ಕೂತ್ಕೋ."

"ಅದು ರಜೆ ಜಾಗ ಅಂತೆ ಮಿಸ್."

"ಯಾವ ರಜೆ?"

ಎಲ್ಲರ ಕಣ್ಣೂ ಪುಸ್ತಕದ ಮೇಲೆ. ಅಷ್ಟು ಶ್ರದ್ಧೆ ಆ ತರಗತಿಯಲ್ಲಿ ಆಕೆ ಹಿಂದೆ ಕಂಡಿರಲಿಲ್ಲ.

ಊಟದ ಬಿಡುವಿನಲ್ಲಿ ಆಕೆ ವಕೀಲೆಯನ್ನು ಮೆಟ್ಟಿಲ ಬಳಿ ಹಿಡಿದಳು. ಯಾವ ಜಗಳವಾದರೂ ಯಾರದಾದರೂ ಪರವಾಗಿ ವಾದಿಸದೆ ಬಿಡದ ಹುಡುಗಿ, ಅದಕ್ಕೇ ಆ ಹೆಸರು. ಇವತ್ತು ವಕೀಲೆ ಲಂಗದ ಅಂಚು ತಿರುಚಿದಳು.

"ಬೈಯಲ್ಲ ಹೇಳೇ."

"ರಜೆ ಅಂದ್ರೆ... ನಿಮ್ಮ ಮಗ, ಮಿಸ್."

ಕೆಳಗೆ ಮೈದಾನದಲ್ಲಿ ರಿಲೇ ಓಟದ ಅಭ್ಯಾಸ ನಡೆದಿತ್ತು. ಯಾರೋ ಸೀಟಿ ಊದಿದರು. ಗಣಿತದ ಮಿಸ್ ಮೆಟ್ಟಿಲ ಕಂಬಿ ಹಿಡಿದುಕೊಂಡಳು.

ಆಮೇಲೆ ವಕೀಲೆಯ ಕಟ್ಟೆ ಒಡೆಯಿತು. ಆ ಜಾಗವನ್ನು ಮಕ್ಕಳು ನಾಲ್ಕನೇ ತರಗತಿಯಿಂದ ಹೊತ್ತು ತಂದಿದ್ದರು. ಕೋಣೆ ಬದಲಾದಾಗಲೆಲ್ಲ ಕಿಟಕಿಯ ಪಕ್ಕದ ಬೆಂಚನ್ನು ಓಡಿಹೋಗಿ ಹಿಡಿಯುವುದು ಕೊಕ್ಕರೆಯ ಕೆಲಸ. ಐದನೆಯದರಲ್ಲಿ ಕಿಟಕಿಯ ಗಾಜು ಒಡೆದದ್ದು ರಜೆ. ಆರನೆಯದರಲ್ಲಿ ಸಮಾಜದ ಮಾಸ್ತರರ ಛತ್ರಿ ಬಚ್ಚಿಟ್ಟದ್ದು ರಜೆ. "ಮೊದ್ಲು ಬರೀ ರಬ್ಬರ್ ತಗೊಳ್ತಿದ್ದ ಮಿಸ್. ಈಗ ದೊಡ್ಡೋನಾಗಿದಾನಲ್ಲ, ಕೈವಾರನೇ ಬೇಕು ಅವನಿಗೆ."

ತನ್ನ ಮಗ ಗಾಜು ಒಡೆಯುವಂಥ ಹುಡುಗನಾಗಿರಲಿಲ್ಲ ಎಂದು ಆಕೆ ಹೇಳಬೇಕೆಂದುಕೊಂಡಳು. ಅಂಗಿಯ ಮೇಲೆ ಒಂದು ಹನಿ ಶಾಯಿ ಬಿದ್ದರೆ ದಿನವಿಡೀ ಅಳುತ್ತಿದ್ದವನು. ಬದಲಿಗೆ, "ಛತ್ರಿ ಆಮೇಲೆ ಸಿಕ್ತಾ?" ಎಂದು ಕೇಳಿದಳು.

ಮನೆಯಲ್ಲಿ ಮಗನ ಮಾತು ಬಂದು ಮೂರು ವರ್ಷವಾಗಿತ್ತು. ಆಕೆಯ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ತೇಯ್ದು ಫ್ರೇಮಿಗೆ ಕೂರಿಸುವ ಕೆಲಸದವನು. ಸಂಜೆ ಇಬ್ಬರೂ ಬಂದು ಟೀ ಕುಡಿದು, ಅಂಗಡಿಗೆ ಬಂದ ಗಿರಾಕಿಗಳ ಬಗ್ಗೆ, ಸ್ಟಾಫ್ ರೂಮಿನ ಜಗಳಗಳ ಬಗ್ಗೆ ಮಾತಾಡುತ್ತಿದ್ದರು. ಆ ಮಾತುಗಳು ಒಂದು ಮುಚ್ಚಿದ ಬಾಗಿಲನ್ನು ಸುತ್ತುಹಾಕಿಕೊಂಡು ಹೋಗುತ್ತಿದ್ದವು. ಆ ಸಂಜೆ ಆಕೆ ಸುತ್ತುಬಳಸದೆ ಹೇಳಿದಳು. ಇದನ್ನು ಹೇಗೆ ನಿಲ್ಲಿಸುವುದು ಎಂದು ಕೇಳುವುದಕ್ಕೇ ಹೇಳಿದ್ದು.

ಗಂಡ ತಟ್ಟೆ ಒರೆಸುತ್ತಿದ್ದವನು ನಿಂತ. "ಎಷ್ಟುದ್ದ ಆಗಿದಾನಂತೆ?" ಎಂದ.

"ರೀ!"

"ಸುಮ್ನೆ ಕೇಳ್ದೆ ಕಣೇ." ಮತ್ತೆ ಒರೆಸಿದ ತಟ್ಟೆಯನ್ನೇ ಒರೆಸಿದ. "ಈ ವಯಸ್ಸಿಗೆ ಅವನಿಗೂ ಕನ್ನಡಕ ಬಂದಿರ್ತಿತ್ತು. ನನ್ನ ಕಣ್ಣಲ್ವಾ ಅವನದು."

ನಿಲ್ಲಿಸುವ ಮಾತು ಅಲ್ಲಿಗೇ ನಿಂತಿತು. ಮರುದಿನ ಆಕೆ ಹೊಸ ಹುಡುಗಿಯನ್ನು ಬೆಂಚಿನಿಂದ ಎಬ್ಬಿಸಿ, ತನ್ನ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿಸಿ ಕೂರಿಸಿದಳು. ಸದ್ಯಕ್ಕೆ ಎಂದಳು. ಹುಡುಗಿ ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯತೊಡಗಿದಳು. ಕಿಟಕಿಯ ಪಕ್ಕದ ಬೆಂಚಿನ ಆ ಜಾಗ ಮತ್ತೆ ಖಾಲಿಯಾಯಿತು. ಕೊಕ್ಕರೆ ಗೋಡೆ ಬಿಟ್ಟು ಸಡಿಲವಾಗಿ ಕುಳಿತ.

ಅಲ್ಲಿಂದ ಮುಂದಿನ ದಿನಗಳನ್ನು ಆಕೆ ಆಮೇಲೆ ನೆನೆಯಲು ಇಷ್ಟಪಡಲಿಲ್ಲ. ಸುಖವಾಗಿದ್ದವು ಎನ್ನುವುದೇ ಕಾರಣ. ಮಕ್ಕಳಿಗೂ ತಿಳಿಯಿತು, ಮಿಸ್ ಬೈಯುವುದಿಲ್ಲ ಎಂದು. ಪ್ರದರ್ಶನಕ್ಕೆ ತಂದ ಗಾಳಿಯಂತ್ರದ ರೆಕ್ಕೆ ಮುರಿದರೆ ರಜೆ ಮುರಿದ. ತಾಲೀಮಿನಲ್ಲಿ ಹೆಜ್ಜೆ ತಪ್ಪಿದರೆ ರಜೆ ಕಾಲು ಕೊಟ್ಟ. ಹೊಸ ಹುಡುಗಿಯ ಹೊಸ ಕೈವಾರ ಕಳೆದರೆ ಅದನ್ನೂ ರಜೆ ತಗೊಂಡ. ಆಕೆ ಅದನ್ನೆಲ್ಲ ಸಂಜೆ ಮನೆಗೆ ಒಯ್ಯುತ್ತಿದ್ದಳು. ಗಂಡ ಈಗ ಅಂಗಡಿಯಿಂದ ಬೇಗ ಬರುತ್ತಿದ್ದ. ಬಾಗಿಲಲ್ಲೇ, "ಇವತ್ತೇನು ಮಾಡ್ದ?" ಎನ್ನುತ್ತಿದ್ದ. ಕೇಳಿ, "ಕಳ್ಳ ನನ್ಮಗ," ಎಂದು ನಗುತ್ತಿದ್ದ. ಹೇಳುವಂಥದ್ದು ಏನೂ ನಡೆಯದ ಒಂದು ದಿನ ಆಕೆ ತಾನೇ ಒಂದನ್ನು ಹುಟ್ಟಿಸಿ ಹೇಳಿದಳು.

ಬೋರ್ಡಿನ ಕಡೆ ತಿರುಗಿದಾಗ ಬೆನ್ನ ಹಿಂದೆ ಕಿಟಕಿಯ ಬೆಂಚು ಕಿರ್ರೆನ್ನುವುದು ಕೇಳುತ್ತಿತ್ತು. ಕೊಕ್ಕರೆ ಮಿಸುಕಿದ್ದು ಎಂದು ಗೊತ್ತು. ಆದರೂ ತಿರುಗಿ ನೋಡದೆ, ಆ ಸದ್ದು ಇನ್ನೊಮ್ಮೆ ಬರಲಿ ಎಂದು ಸೀಮೆಸುಣ್ಣ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಮನೆಯಲ್ಲಿ ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೆ, ಸರಿಯಾಗಿ ತಿರುಗಿಸದೆ ಬಂದವನನ್ನು ಗದರಲು ಬಾಯಿ ತೆರೆಯುತ್ತಿದ್ದಳು. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಮಗನ ಮುಖ ನೆನಪಿಸಿಕೊಳ್ಳಲು ಹೋದಳು. ಕಂಡದ್ದು ಮಸುಕು ಮೀಸೆಯ, ಒಡೆದ ದನಿಯ ಒಬ್ಬ ಉದ್ದ ಹುಡುಗ. ಅವನ ಹಿಂದೆ ಆ ಒಂಬತ್ತು ವರ್ಷದವನನ್ನು ಹುಡುಕಿದಳು. ಸಿಗಲಿಲ್ಲ. ಬಾಚಣಿಗೆ ಕೂದಲಲ್ಲೇ ಉಳಿಯಿತು.

ಶುಕ್ರವಾರ ಸೇತುವೆಯ ಮೇಸ್ತ್ರಿ ಶಾಲೆಗೆ ಬಂದ. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದ. ಪ್ಯಾಂಟಿನ ಮಡಿಕೆಯಲ್ಲಿ ಸಿಮೆಂಟು ಒಣಗಿತ್ತು. ದೊಡ್ಡ ಮಿಸ್ಸಿನ ಕೋಣೆಯಲ್ಲಿ ಗಣಿತದ ಮಿಸ್ಸೂ ಇದ್ದಳು.

"ಹೊಟ್ಟೆನೋವು ಅಂತ ಮೂರು ದಿನದಿಂದ ಮಲಗಿದಾಳೆ ಮೇಡಂ. ಹೊಟ್ಟೆನೋವಲ್ಲ ಅದು. ನಾವು ಊರೂರು ತಿರುಗೋ ಜನ. ಎಲ್ಲಾ ಶಾಲೇಲೂ ಅವಳಿಗೆ ಕೊನೇ ಬೆಂಚೇ ಸಿಕ್ಕಿರೋದು, ಅದಕ್ಕೆ ಯಾವತ್ತೂ ಅತ್ತೋಳಲ್ಲ. ಇಲ್ಲಿ ಬೆಂಚೇ ಇಲ್ಲ ಅಂತಾಳೆ. ಯಾರೋ ಸತ್ತ ಹುಡುಗ ಕೂತಿದಾನಂತಲ್ಲ ಅಲ್ಲಿ?"

"ಅಯ್ಯೋ, ಮಕ್ಕಳ ಆಟ ಕಣಪ್ಪಾ ಅದು," ಎಂದರು ದೊಡ್ಡ ಮಿಸ್, ಅವಸರದಿಂದ.

"ಆಟ ಆದ್ರೆ ದೊಡ್ಡೋರು ನಿಲ್ಲಿಸಬೇಕಲ್ವಾ? ಆ ಮಗೂಗೆ ಏನಾಯ್ತೋ ಪಾಪ, ಹೆತ್ತೋರು ಎಷ್ಟು ಸಂಕಟ ಪಟ್ಟರೋ. ಆದ್ರೆ ಸತ್ತ ಮಗೂಗೆ ಬೆಂಚಿದೆ, ಬದುಕಿರೋ ನನ್ನ ಮಗೂಗಿಲ್ಲ ಅಂದ್ರೆ ಹೆಂಗೆ ಮೇಡಂ? ಸೋಮವಾರ ಒಂದಿನ ಕಳಿಸ್ತೀನಿ. ಅವತ್ತೂ ಅಳ್ತಾ ಬಂದ್ರೆ ಶಾಲೆ ಬಿಡಿಸಿ ಅವರಮ್ಮನ ಜೊತೆ ಕೆಲಸದ ಶೆಡ್ಡಲ್ಲೇ ಇರಿಸ್ಕೋತೀನಿ."

ಅವನು ಹೋದ ಮೇಲೆ ದೊಡ್ಡ ಮಿಸ್ ನೀರಿನ ಲೋಟವನ್ನು ಮುಂದೆ ಸರಿಸಿದರು. "ಆ ಮನುಷ್ಯನಿಗೆ ಗೊತ್ತಿರ್ಲಿಲ್ಲಮ್ಮಾ, ನೀನು ಅಂತ. ಮನಸ್ಸಿಗೆ ಹಚ್ಕೋಬೇಡ. ಬೇಕಾದ್ರೆ ನಾನೇ ಮಕ್ಕಳನ್ನ ಕರೆದು ಗದರ್ತೀನಿ."

"ಬೇಡ ಮೇಡಂ. ಕುರ್ಚಿ ಹಾಕಿಸಿದ್ದು ನಾನು."

ಸೋಮವಾರ ಹೊಸ ಹುಡುಗಿ ಬಾಗಿಲಲ್ಲೇ ನಿಂತಿದ್ದಳು, ಚೀಲವನ್ನು ಎದೆಗೆ ಅವುಚಿಕೊಂಡು. ಕುರ್ಚಿ ಅಲ್ಲಿರಲಿಲ್ಲ. ಗಣಿತದ ಮಿಸ್ ಅದನ್ನು ಬೆಳಿಗ್ಗೆಯೇ ಕಾರಿಡಾರಿಗೆ ಎಳೆದಿದ್ದಳು. ಈಗ ಬಂದು, ಪುಸ್ತಕ ಬಿಚ್ಚದೆ, ಮೇಜಿಗೆ ಒರಗಿ ನಿಂತು ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದಳು.

"ರಜೆ ಅನ್ನೋ ಈ ಹೆಸರು ಯಾರು ಇಟ್ಟಿದ್ದು?"

ವಕೀಲೆ ಕೊಕ್ಕರೆಯ ಕಡೆ ನೋಡಿದಳು. ಕೊಕ್ಕರೆ ಎದ್ದು ನಿಂತ. ಅವನ ಕಿವಿ ಕೆಂಪಾಗಿತ್ತು.

"ನೀವೇ ಮಿಸ್."

"ನಾನಾ?"

"ನಾವು ನಾಲ್ಕನೇ ಕ್ಲಾಸಲ್ಲಿದ್ವಿ. ನೀವು ಆವಾಗಷ್ಟೇ ಶಾಲೆಗೆ ವಾಪಸ್ ಬಂದಿದ್ರಿ. ನೀರಿನ ಟ್ಯಾಂಕ್ ಹತ್ರ ನಾನು ಕೇಳಿದ್ದೆ, ಅವನು ಯಾವಾಗ ಬರ್ತಾನೆ ಅಂತ. 'ಅವನು ರಜೆ ತಗೊಂಡಿದಾನೆ ಕಣೋ' ಅಂದ್ರಿ. ಅದಕ್ಕೇ ಜಾಗ ಹಿಡಿದಿಟ್ವಿ."

ಆಕೆಗೆ ನೀರಿನ ಟ್ಯಾಂಕಿನ ನೆನಪು ಬರಲಿಲ್ಲ. ಬಂದದ್ದು ಆಸ್ಪತ್ರೆಯ ಹಸಿರು ಬಣ್ಣದ ಗೋಡೆ. ಗಂಡ ಔಷಧಿ ತರಲು ಕೆಳಗೆ ಹೋಗಿದ್ದ. ಮಗ ಕಣ್ಣು ಬಿಟ್ಟು, "ಅಮ್ಮಾ, ನಾಳೆ ಶಾಲೆ ಇದ್ಯಾ?" ಎಂದು ಕೇಳಿದ್ದ. "ಇಲ್ಲ ಪುಟ್ಟಾ, ನಾಳೆ ರಜೆ. ಮಲಕ್ಕೋ," ಎಂದಿದ್ದಳು ಆಕೆ. ಅವನು ಹೇಳಿದ ಮಾತು ಕೇಳುವ ಹುಡುಗ. ಮಲಗಿದ.

ತರಗತಿ ಕಾಯುತ್ತಿತ್ತು. ಹೊಸ ಹುಡುಗಿ ಬಾಗಿಲಲ್ಲೇ ಇದ್ದಳು.

"ರಜೆ ಅಲ್ಲ ಮಕ್ಕಳೇ. ನಾನು ಅವತ್ತು ಸುಳ್ಳು ಹೇಳಿದ್ದೆ. ನನ್ನ ಮಗ ತೀರ್ಕೊಂಡ."

"ಗೊತ್ತು ಮಿಸ್," ಎಂದಳು ವಕೀಲೆ, ತೀರ ಮೆಲ್ಲಗೆ.

"ಯಾವಾಗಿಂದ ಗೊತ್ತು?"

"ಆವಾಗಿಂದಾನೂ. ನಮ್ಮಮ್ಮ ಹೇಳಿದ್ರು. ಎಲ್ಲರ ಮನೇಲೂ ಹೇಳಿದ್ರು."

"ಗೊತ್ತಿದ್ದೂ ಮತ್ಯಾಕೆ...?"

ಕೊಕ್ಕರೆ ಇನ್ನೂ ನಿಂತೇ ಇದ್ದ. "ನೀವು ಹೇಳಿರ್ಲಿಲ್ವಲ್ಲ ಮಿಸ್," ಎಂದ.

ಆಕೆ ಬೋರ್ಡಿನ ಕಡೆ ತಿರುಗಿ ನಿಂತಳು. ಯಾವ ಬೆಂಚೂ ಸದ್ದು ಮಾಡಲಿಲ್ಲ. ತಿರುಗಿದಾಗ ದನಿ ಎಂದಿನಂತೆ ಪಾಠದ ದನಿಯಾಗಿತ್ತು.

"ಕೊಕ್ಕರೆ, ನೀನು ಗೋಡೆ ಬಿಟ್ಟು ಈ ಕಡೆ ಬಾ. ಮಗು, ಬಾ ಒಳಗೆ. ನೀನು ಕಿಟಕಿ ಪಕ್ಕ ಕೂತ್ಕೋ. ಚೆನ್ನಾಗಿ ಬೆಳಕು ಬರುತ್ತೆ ಅಲ್ಲಿ."

ಹುಡುಗಿ ಬಂದಳು. ಕೊಕ್ಕರೆ ಹೊರಗೆ ಸರಿದು ದಾರಿ ಬಿಟ್ಟ. ಅವಳು ಕೂರುವ ಮುನ್ನ ಹಲಗೆಯನ್ನು ಅಂಗೈಯಿಂದ ಒಮ್ಮೆ ಮುಟ್ಟಿ ನೋಡಿದಳು, ಬಿಸಿಯಿದೆಯೇ ಎನ್ನುವಂತೆ. ಆಮೇಲೆ ಕುಳಿತು ಚೀಲವನ್ನು ಪಕ್ಕಕ್ಕೆ ಇಟ್ಟಳು.

"ಒಬ್ಬ ಹುಡುಗನ ತಲೆಮೇಲೆ ಮೂರು ವರ್ಷದಿಂದ ಕಳ್ಳತನ ಹೊರಿಸಿದೀರಿ," ಎಂದಳು ಗಣಿತದ ಮಿಸ್. "ಈ ಮಗೂದು ಕೈವಾರ ಯಾರ ಹತ್ರ ಇದೆ?"

ವಕೀಲೆ ತನ್ನ ಡಬ್ಬಿಯಿಂದ ಹೊಸ ಕೈವಾರವೊಂದನ್ನು ತೆಗೆದು, ವಾದ ಮಾಡದೆ, ಕಿಟಕಿಯ ಬೆಂಚಿಗೆ ದಾಟಿಸಿದಳು. ಹಿಂದಿನಿಂದ ಯಾರೋ, "ವಕೀಲೆ ಸಿಕ್ಕಿಹಾಕ್ಕೊಂಡ್ಲು," ಎಂದರು. ಕೆಲವರು ನಕ್ಕರು, ನಕ್ಕು ಮಿಸ್ಸಿನ ಮುಖ ನೋಡಿದರು. ಆಕೆ ಪುಸ್ತಕ ಬಿಚ್ಚಿದಳು.

ಪಾಠ ಮುಗಿಸಿ ಆಕೆ ಹೊರಬಂದಳು. ಮಾಡಬೇಕಾದದ್ದನ್ನು ಮಾಡಿಯಾಗಿತ್ತು. ಆದರೆ ಕೋಣೆ ದಾಟಿ ಕಾರಿಡಾರಿನ ತುದಿಗೆ ಬರುವುದರೊಳಗೆ, ಯಾರನ್ನೋ ಒಳಗೆ ಬಿಟ್ಟು ಬಾಗಿಲು ಹಾಕಿದಂತೆ, ಅಥವಾ ಯಾರನ್ನೋ ಹೊರಗೆ ನಿಲ್ಲಿಸಿದಂತೆ, ಯಾವುದು ಎಂದು ತಿಳಿಯದೆ ಎರಡು ಸಲ ಹಿಂತಿರುಗಿ ನೋಡಿದಳು. ಖಾಲಿ ಕುರ್ಚಿ ಗೋಡೆಗೆ ಒರಗಿತ್ತು.

ಸಂಜೆ ಗಂಡ ಅವಳಿಗಿಂತ ಮೊದಲೇ ಬಂದು ಟೀ ಇಟ್ಟಿದ್ದ. ಬಾಗಿಲು ತೆರೆದವನ ಮುಖದಲ್ಲಿ ಆಗಲೇ ನಗು ಸಿದ್ಧವಾಗಿತ್ತು.

"ಇವತ್ತೇನು ಮಾಡ್ದ?"

"ಕೂತ್ಕೊಳ್ರಿ."

ಆಕೆ ಎಲ್ಲವನ್ನೂ ಹೇಳಿದಳು. ಮೇಸ್ತ್ರಿಯ ಮಾತನ್ನು ಅವನು ಆಡಿದ ಹಾಗೆಯೇ ಹೇಳಿದಳು. ಕೊಕ್ಕರೆಯ ಮಾತನ್ನೂ. ಗಂಡನ ನಗು ಹೋಗಿ ಆ ಜಾಗಕ್ಕೆ ಏನೂ ಬರಲಿಲ್ಲ. ಟೀಯ ಮೇಲೆ ಕೆನೆ ಕಟ್ಟಿತು. ಕೊನೆಗೆ, "ಆ ಹುಡುಗಿ ಸರಿಯಾಗಿ ಕೂತ್ಕೊಂಡ್ಲಾ?" ಎಂದ.

"ಹೂಂ. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟನೂ ಮಾಡಿದ್ಲು. ನೋಡ್ದೆ."

"ಒಳ್ಳೇದಾಯ್ತು."

ಅವನು ಲೋಟದ ಅಂಚಿನ ಮೇಲೆ ಬೆರಳಾಡಿಸಿದ, ಗಾಜು ತೇಯ್ದಾಯಿತೇ ಎಂದು ಅಂಗಡಿಯಲ್ಲಿ ನೋಡುವ ಹಾಗೆ. ಆಮೇಲೆ ತಲೆಯೆತ್ತದೆ ಕೇಳಿದ.

"ಅವತ್ತು ನಾನು ಔಷಧಿ ತರಕ್ಕೆ ಕೆಳಗೆ ಹೋಗಿದ್ನಲ್ಲ. ಅವನು ಏನಾದ್ರೂ ಅಂದ್ನಾ?"

ಮೂರು ವರ್ಷದಿಂದ ಆಕೆ ಹೆದರಿದ್ದು ಈ ಪ್ರಶ್ನೆಗೆ. ಹಸಿರು ಗೋಡೆಯಿಂದ ಶುರುಮಾಡಿ ಹೇಳಿದಳು. ಕಣ್ಣು ಬಿಟ್ಟದ್ದು, ಶಾಲೆ ಇದೆಯೇ ಎಂದು ಕೇಳಿದ್ದು, ತಾನು ಕೊಟ್ಟ ಉತ್ತರ, ಅವನು ಅದನ್ನು ನಂಬಿ ಮಗ್ಗುಲಾದದ್ದು. ಹೇಳುತ್ತ ಹೇಳುತ್ತ ಒಂಬತ್ತು ವರ್ಷದ ಆ ದನಿ, ಜ್ವರಕ್ಕೆ ಒಣಗಿ ಸ್ವಲ್ಪ ಒರಟಾಗಿದ್ದದ್ದು, ಕಿವಿಗೆ ಬಂತು. ಆಕೆ ಅದನ್ನು ಬಿಡದೆ ಹಿಡಿದುಕೊಂಡಳು.

"ಪ್ರಾಜೆಕ್ಟ್ ಮುಗಿದಿರ್ಲಿಲ್ಲ ಅಲ್ವಾ ಅವನದು," ಎಂದ ಗಂಡ. "ರಟ್ಟಿನ ಮನೆ. ಅದಕ್ಕೇ ಕೇಳಿರ್ತಾನೆ. ನಾನು ಅದಕ್ಕೆ ಬಾಗಿಲು ಅಂಟಿಸಿಕೊಡ್ತೀನಿ ಅಂದಿದ್ದೆ."

"ಎಲ್ಲಿದೆ ಅದು?"

"ಅಟ್ಟದ ಮೇಲೆ."

ಹೊರಗೆ ಬೀದಿಯಲ್ಲಿ ಮಕ್ಕಳು ಆಟ ಮುಗಿಸಿ ಒಬ್ಬರನ್ನೊಬ್ಬರು ಕೂಗುತ್ತ ಮನೆಗಳಿಗೆ ಹೋಗುತ್ತಿದ್ದರು. ಆಕೆ ಆರಿದ ಟೀಯನ್ನು ಮತ್ತೆ ಒಲೆಯ ಮೇಲಿಟ್ಟಳು. ಗಂಡ ಗೋಡೆಗೆ ಒರಗಿಸಿದ್ದ ಏಣಿಯನ್ನು ಎತ್ತಿಕೊಂಡು ಅಟ್ಟದ ಕೆಳಗೆ ನಿಲ್ಲಿಸಿದ. ಏಣಿ ಅಲುಗಾಡುತ್ತಿತ್ತು. ಆಕೆ ಬಂದು ಎರಡೂ ಕೈಯಿಂದ ಹಿಡಿದುಕೊಂಡಳು; ಆದರೂ ಅವನು ಮೊದಲ ಮೆಟ್ಟಿಲ ಮೇಲೆ ಕಾಲಿಡಲು ಬಹಳ ಹೊತ್ತು ತೆಗೆದುಕೊಂಡ.